ದನಿ ಮುಟ್ಟದ ಕಡೆ ಕಾಲಿನ ಸನ್ನೆ

ಮುಂಗಾರಿನ ಮೊದಲ ದೊಡ್ಡ ಮಳೆ ಹೊಡೆದು ನಿಂತ ಸಂಜೆ. ಗದ್ದೆಯ ಬದು, ಕೆರೆಯ ಅಂಚು, ಹಿತ್ತಲಿನ ಹೊಂಡ, ಎಲ್ಲೆಲ್ಲೂ ವಟವಟ. ಮಲೆನಾಡಿನ ಮನೆಗಳಲ್ಲಿ ಜಗಲಿಯ ಮೇಲೆ ಕುಳಿತವರು ಪರಸ್ಪರ ಮಾತನಾಡಬೇಕಾದರೆ ದನಿ ಏರಿಸಬೇಕು, ಅಷ್ಟು ಗದ್ದಲ. ಕಪ್ಪೆ ಕೂಗಿದರೆ ಮಳೆ ಎಂದು ಹಿರಿಯರು ಹೇಳುತ್ತಾರೆ. ಮಳೆ ಬಾರದ ವರ್ಷ ಕಪ್ಪೆಗಳಿಗೆ ಮದುವೆ ಮಾಡಿಸಿ, ಓಲಗ ಊದಿಸಿ ಮೆರವಣಿಗೆ ಹೊರಡಿಸುವ ಊರುಗಳೂ ನಮ್ಮಲ್ಲಿ ಉಂಟು. ಆದರೆ ಕಪ್ಪೆಗಳ ಮಟ್ಟಿಗೆ ಸಂಗತಿ ತಿರುಗುಮುರುಗು. ಅವು ಮಳೆಯನ್ನು ಕರೆಯುವುದಿಲ್ಲ. ಮಳೆ ಬಂದಿದೆ, ನೀರು ನಿಂತಿದೆ, ಮೊಟ್ಟೆ ಇಡಲು ಜಾಗ ಸಿದ್ಧವಾಗಿದೆ ಎಂದು ತಿಳಿದ ಮೇಲೆ ಸಂಗಾತಿಯನ್ನು ಕರೆಯುತ್ತವೆ.

ನಿಂತ ನೀರಿನ ಕಪ್ಪೆಗೆ ಈ ಕರೆ ಸುಲಭ. ಕೆರೆಗೆ ತನ್ನದೇ ಆದ ದನಿಯಿಲ್ಲ. ಈಗ ಗದ್ದೆ ಬಿಟ್ಟು ಘಟ್ಟದ ಕಾಡಿನೊಳಗಿನ ಒಂದು ತೊರೆಯ ಕಡೆ ನಡೆಯಿರಿ. ಬಂಡೆಯಿಂದ ಬಂಡೆಗೆ ಧುಮುಕುವ ನೀರು ಹಗಲೂ ರಾತ್ರಿ ಮೊರೆಯುತ್ತಲೇ ಇರುತ್ತದೆ. ಅಂಥ ತೊರೆಯ ನಡುವಿನ ಒದ್ದೆ ಕಲ್ಲಿನ ಮೇಲೆ ಹೆಬ್ಬೆರಳ ಮೇಲೆ ಕೂರಿಸಬಹುದಾದಷ್ಟು ಪುಟ್ಟ ಕಪ್ಪೆಯೊಂದು ಕುಳಿತಿದೆ. ಅದಕ್ಕೂ ಸಂಗಾತಿ ಬೇಕು, ಅದಕ್ಕೂ ತನ್ನ ಕಲ್ಲಿನ ಮೇಲಿನ ಹಕ್ಕನ್ನು ನೆರೆಯವನಿಗೆ ತಿಳಿಸಬೇಕು. ನೀರಿನ ಮೊರೆತದಲ್ಲಿ ಅದರ ಕೂಗು ಕೇಳುವವರು ಯಾರು?

ಈ ಪ್ರಶ್ನೆಗೆ ಆ ಪುಟ್ಟ ಕಪ್ಪೆ ಕಂಡುಕೊಂಡ ಉತ್ತರ ಸೋಜಿಗದ್ದು. ಅದು ಹಿಂಗಾಲೊಂದನ್ನು ಮೇಲೆತ್ತಿ, ಪಕ್ಕಕ್ಕೆ ನೀಳವಾಗಿ ಚಾಚಿ, ಬೆರಳುಗಳನ್ನು ಬಿಡಿಸಿ ಜಾಲಪಾದವನ್ನು ಬೀಸಣಿಗೆಯಂತೆ ಹರಡುತ್ತದೆ. ಬಾವುಟ ತೋರಿಸಿದ ಹಾಗೆ! ಒಂದು ಕ್ಷಣ ಬಿಟ್ಟು ಕಾಲನ್ನು ಮಡಿಚಿಕೊಳ್ಳುತ್ತದೆ. ಮತ್ತೆ ಇನ್ನೊಮ್ಮೆ. ನೋಡುವವರಿಗೆ ನೃತ್ಯದಂತೆ ಕಾಣುವ ಕಾರಣ ಇವುಗಳಿಗೆ ‘ನರ್ತಕ ಕಪ್ಪೆ’ ಎಂಬ ಹೆಸರು ಬಂದಿದೆ. ಇವುಗಳ ವೈಜ್ಞಾನಿಕ ಕುಲನಾಮ ಮೈಕ್ರಿಕ್ಸಾಲಸ್. ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಮೂಲೆಯಲ್ಲಿಯೂ ಇವು ಇಲ್ಲ.

ಬಾಯಿ ಮುಚ್ಚಿ ಹಾಡುವ ಗಾಯಕ

ಕಾಲಿನ ಸನ್ನೆ ಏಕೆ ಬೇಕಾಯಿತೆಂದು ತಿಳಿಯಲು ಮೊದಲು ದನಿಯ ಗುಟ್ಟನ್ನು ಅರಿಯಬೇಕು. ಮನುಷ್ಯ ಬಾಯಿ ತೆರೆದು ಹಾಡಿದರೆ ಕಪ್ಪೆ ಬಾಯಿ ಮುಚ್ಚಿ ಹಾಡುತ್ತದೆ. ಬಾಯಿ ಮತ್ತು ಮೂಗಿನ ಹೊಳ್ಳೆಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ಶ್ವಾಸಕೋಶದ ಗಾಳಿಯನ್ನು ಧ್ವನಿಪೆಟ್ಟಿಗೆಯ ಮೂಲಕ ಗಂಟಲಿನ ಕೆಳಗಿರುವ ಚರ್ಮದ ಚೀಲಕ್ಕೆ ನೂಕುತ್ತದೆ. ಚೀಲ ಬಲೂನಿನಂತೆ ಉಬ್ಬುತ್ತದೆ, ಅದೇ ಗಾಳಿ ಮರಳಿ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದೇ ಬುಟ್ಟಿ ಗಾಳಿಯಲ್ಲಿ ನೂರು ಬಾರಿ ಕೂಗುವ ಮಿತವ್ಯಯ ಇದು. ಹೆಚ್ಚಿನ ಪ್ರಭೇದಗಳಲ್ಲಿ ಹೀಗೆ ಗಟ್ಟಿಯಾಗಿ ಕೂಗುವುದು ಗಂಡು ಮಾತ್ರ.

ಗಾಳಿ ಉಳಿದರೂ ಶಕ್ತಿ ಉಳಿಯುವುದಿಲ್ಲ. ಕೂಗುವ ಕಪ್ಪೆಯ ದೇಹ ಸುಮ್ಮನಿರುವಾಗಿಗಿಂತ ಹಲವು ಪಟ್ಟು ಹೆಚ್ಚು ಆಮ್ಲಜನಕ ಬಳಸುತ್ತದೆ. ರಾತ್ರಿಯಿಡೀ ಕೂಗುವುದೆಂದರೆ ಅದಕ್ಕೆ ಬೆಟ್ಟ ಹತ್ತಿದಷ್ಟೇ ಶ್ರಮ. ಇಷ್ಟು ಶ್ರಮಪಟ್ಟು ಹೊರಡಿಸಿದ ದನಿ ಕೇಳಬೇಕಾದ ಕಿವಿಗೆ ಮುಟ್ಟದಿದ್ದರೆ ದುಡಿಮೆಯೆಲ್ಲ ನೀರಿನಲ್ಲಿ ಹೋಮ.

ಇನ್ನು ಕಿವಿಯ ವಿಚಾರ. ಕಪ್ಪೆಗೆ ಹೊರಗಿವಿ ಇಲ್ಲ. ಕಣ್ಣಿನ ಹಿಂದೆ ವೃತ್ತಾಕಾರದ ಒಂದು ಚರ್ಮದ ಪಟಲ ಕಾಣುತ್ತದೆ, ಅದೇ ಕಿವಿದಮಟೆ. ಒಳಗಿವಿಯಲ್ಲಿ ದನಿಯನ್ನು ಹಿಡಿಯುವ ಎರಡು ಪ್ರತ್ಯೇಕ ಅಂಗಗಳಿವೆ. ಒಂದು ತಗ್ಗು ಸ್ವರಗಳಿಗೆ, ಇನ್ನೊಂದು ಏರು ಸ್ವರಗಳಿಗೆ. ಅನೇಕ ಪ್ರಭೇದಗಳಲ್ಲಿ ಈ ಅಂಗಗಳು ತಮ್ಮದೇ ಜಾತಿಯ ಕೂಗಿನ ಸ್ವರಕ್ಕೆ ಚೆನ್ನಾಗಿ ಮಿಡಿಯುವಂತೆ ಹೊಂದಿಕೊಂಡಿವೆ. ರೇಡಿಯೋದ ಮುಳ್ಳನ್ನು ಒಂದೇ ಕೇಂದ್ರಕ್ಕೆ ತಿರುಗಿಸಿಟ್ಟ ಹಾಗೆ.

ಇದಕ್ಕೆ ಒಳ್ಳೆಯ ಉದಾಹರಣೆ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಒಂದು ಮರಗಪ್ಪೆ. ‘ಕೊ-ಕೀ’ ಎಂದು ಕೂಗುವುದರಿಂದ ಅಲ್ಲಿಯ ಜನ ಅದನ್ನು ಕೊಕಿ ಎಂದೇ ಕರೆಯುತ್ತಾರೆ. ಪೀಟರ್ ನಾರಿನ್ಸ್ ಮತ್ತು ರಾಬರ್ಟ್ ಕಪ್ರಾನಿಕಾ ಎಂಬ ವಿಜ್ಞಾನಿಗಳು 1976ರಲ್ಲಿ ಈ ಎರಡಕ್ಷರದ ಮರ್ಮವನ್ನು ಬಿಡಿಸಿದರು. ತಗ್ಗು ಸ್ವರದ ‘ಕೊ’ ಇನ್ನೊಂದು ಗಂಡಿಗೆ ಹೇಳುವ ಎಚ್ಚರಿಕೆ: ಇದು ನನ್ನ ಜಾಗ, ದೂರವಿರು. ಏರು ಸ್ವರದ ‘ಕೀ’ ಹೆಣ್ಣಿಗೆ ಕಳಿಸುವ ಆಹ್ವಾನ. ಗಂಡಿನ ಕಿವಿ ‘ಕೊ’ಗೆ ಹೆಚ್ಚು ಚುರುಕು, ಹೆಣ್ಣಿನ ಕಿವಿ ‘ಕೀ’ಗೆ. ಒಂದೇ ಕೂಗಿನಲ್ಲಿ ಎರಡು ವಿಳಾಸಗಳಿಗೆ ಎರಡು ಕಾಗದ!

ತೊರೆಯ ಮೊರೆತವೆಂಬ ಗೋಡೆ

ಸಂತೆಯ ಗದ್ದಲದಲ್ಲಿ ಗೆಳೆಯನನ್ನು ಕರೆಯಬೇಕಾದರೆ ಏನು ಮಾಡುತ್ತೇವೆ? ಗಟ್ಟಿಯಾಗಿ ಕೂಗುತ್ತೇವೆ. ಅದೂ ಸಾಗದಿದ್ದರೆ ಕೀರಲು ದನಿಯಲ್ಲಿ ಸಿಳ್ಳೆ ಹಾಕುತ್ತೇವೆ. ಕೊನೆಗೆ ಕೈ ಎತ್ತಿ ಬೀಸುತ್ತೇವೆ. ತೊರೆಯ ಕಪ್ಪೆಗಳ ಮುಂದೆ ಇದ್ದ ದಾರಿಗಳೂ ಇವೇ.

ಹರಿಯುವ ನೀರಿನ ಸದ್ದಿನಲ್ಲಿ ತಗ್ಗು ಸ್ವರಗಳ ಪಾಲು ಹೆಚ್ಚು. ಗೊರಗೊರ ಎನ್ನುವ ದಪ್ಪ ದನಿಯ ಕಪ್ಪೆ ಅಲ್ಲಿ ಬಾಳಲಾರದು, ಅದರ ಕೂಗು ಮೊರೆತದಲ್ಲಿ ಕರಗಿಹೋಗುತ್ತದೆ. ಆದ್ದರಿಂದ ತೊರೆವಾಸಿ ಕಪ್ಪೆಗಳಲ್ಲಿ ಅನೇಕವು ಏರು ಸ್ವರದಲ್ಲಿ, ಹಕ್ಕಿ ಚಿಲಿಪಿಲಿಗುಟ್ಟಿದಂತೆ ಕೂಗುತ್ತವೆ. ಚೀನಾದ ಹುವಾಂಗ್‌ಷಾನ್ ಬೆಟ್ಟಗಳ ತೊರೆಗಳಲ್ಲಿರುವ ಕಪ್ಪೆಯೊಂದು ಈ ದಾರಿಯಲ್ಲಿ ತುತ್ತತುದಿಗೆ ಹೋಗಿದೆ. ಮನುಷ್ಯನ ಕಿವಿಗೆ ಕೇಳುವ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನಗಳು. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ. ಬಾವಲಿಗಳ ಲೋಕ ಅದು. ಈ ಚೀನೀ ಕಪ್ಪೆಯ ಕೂಗಿನಲ್ಲಿ ಶ್ರವಣಾತೀತ ಅಂಶವಿದೆ, ಅದನ್ನು ಅದರ ಜಾತಿಯ ಗಂಡುಗಳು ಕೇಳಿಸಿಕೊಂಡು ಮರುದನಿ ಕೊಡುತ್ತವೆ ಎಂಬುದನ್ನು ಆಲ್ಬರ್ಟ್ ಫೆಂಗ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿಕೊಟ್ಟರು. ಇದರ ಕಿವಿದಮಟೆ ಉಳಿದ ಕಪ್ಪೆಗಳಂತೆ ಮೈಮೇಲಿಲ್ಲ. ಸಣ್ಣ ಗುಳಿಯೊಂದರ ಒಳಗೆ ಹುದುಗಿದೆ, ಬಲು ತೆಳುವಾಗಿದೆ.

ಇನ್ನೊಂದು ದಾರಿ ಕೈ ಬೀಸುವುದು. ಇಲ್ಲಿ ಕಾಲು ಬೀಸುವುದು. ದನಿಗೆ ಗೋಡೆಯಾದ ಮೊರೆತ ಬೆಳಕಿಗೆ ಅಡ್ಡಿಯಲ್ಲ. ಆದರೆ ಕಣ್ಣಿಗೆ ಕಾಣಬೇಕಾದರೆ ಹಗಲು ಬೇಕು. ಹೆಚ್ಚಿನ ಕಪ್ಪೆಗಳು ರಾತ್ರಿಯ ಗಾಯಕರಾದರೆ ನರ್ತಕ ಕಪ್ಪೆಗಳು ಹಗಲಿನ ಕಲಾವಿದರು.

ಕತ್ತಲೆಕಾನಿನ ಕಾಲಾಟ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ, ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಆಸುಪಾಸಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಹೇಳುವಂತೆ ಹಗಲಿನಲ್ಲೂ ಬಿಸಿಲು ನೆಲ ಮುಟ್ಟದ ಕಾನು. ರಾಂಪತ್ರೆ ಮರಗಳು ಕೆಸರಿನಲ್ಲಿ ಬೇರನ್ನು ಮೊಣಕಾಲಿನಂತೆ ಎತ್ತಿ ನಿಂತಿರುವ ಜಡ್ಡಿಗಳು ಇಲ್ಲಿವೆ. ಬೇಸಿಗೆಯಲ್ಲೂ ತಂಪಾಗಿರುವ ಈ ಜಡ್ಡಿಗಳಿಂದ ಸಣ್ಣ ತೊರೆಗಳು ಹುಟ್ಟಿ ಹರಿಯುತ್ತವೆ.

ಉಭಯವಾಸಿಗಳ ತಜ್ಞರಾದ ಕೆ.ವಿ. ಗುರುರಾಜ ಮತ್ತು ಆಸ್ಟ್ರಿಯಾದ ಡೋರಿಸ್ ಪ್ರೈನಿಂಗರ್ ಮೊದಲಾದವರು ಈ ತೊರೆಗಳ ಬದಿಯಲ್ಲಿ ಕುಳಿತು ನರ್ತಕ ಕಪ್ಪೆಗಳ ಸನ್ನೆಗಳನ್ನು ಅಭ್ಯಾಸ ಮಾಡಿದರು. ಅವರ ಪ್ರಬಂಧ 2013ರಲ್ಲಿ ಪ್ರಕಟವಾಯಿತು. ಗಂಡು ಕಪ್ಪೆ ಮೊದಲು ಏರು ಸ್ವರದಲ್ಲಿ ಕೂಗುತ್ತದೆ. ಆಗ ಅದರ ಗಂಟಲಿನ ಬಿಳಿಯ ಚೀಲ ಉಬ್ಬಿ ಇಳಿಯುತ್ತದೆ. ಕಪ್ಪು ಕಲ್ಲಿನ ಹಿನ್ನೆಲೆಯಲ್ಲಿ ಅದೇ ಒಂದು ದೀಪದ ಮಿಣುಕು. ಎದುರಾಳಿ ಹತ್ತಿರ ಬಂದರೆ ಕಾಲನ್ನು ನೆಲಕ್ಕೆ ತಟ್ಟುವುದು, ಕಾಲೆತ್ತಿ ಬಾವುಟ ತೋರಿಸುವುದು ಶುರುವಾಗುತ್ತದೆ. ಎದುರಾಳಿ ಅದಕ್ಕೂ ಜಗ್ಗದೆ ಮೈಮೇಲೆ ಬಂದರೆ ಅದೇ ಕಾಲಿನಿಂದ ಒಂದು ಒದೆ!

ಈ ಒದೆಯಲ್ಲಿಯೇ ನೃತ್ಯದ ಮೂಲ ಇರಬೇಕು ಎಂಬುದು ಅಭ್ಯಾಸಿಗಳ ಊಹೆ. ಯಾವುದೋ ಕಾಲದಲ್ಲಿ ಬರೀ ಒದೆಯಾಗಿದ್ದುದು ತಲೆಮಾರುಗಳು ಉರುಳಿದಂತೆ ಒದೆಯುವ ಬೆದರಿಕೆಯಾಗಿ, ಆಮೇಲೆ ದೂರದಿಂದಲೇ ತೋರಿಸುವ ಸಂಕೇತವಾಗಿ ಮಾರ್ಪಟ್ಟಿತು. ಬೀದಿಯಲ್ಲಿ ಇಬ್ಬರು ಜಗಳಕ್ಕೆ ನಿಂತಾಗ ಒಬ್ಬ ತೋಳು ಮಡಿಸುತ್ತಾನೆ. ಹೊಡೆಯುವುದಕ್ಕೆ ಮುಂಚೆ ಅದನ್ನು ಕಂಡು ಇನ್ನೊಬ್ಬ ಹಿಂದೆ ಸರಿದರೆ ಇಬ್ಬರ ಹಲ್ಲೂ ಉಳಿಯುತ್ತದೆ. ಕಪ್ಪೆಯ ಲೆಕ್ಕಾಚಾರವೂ ಹಾಗೆಯೇ.

ಇನ್ನೂ ದೊಡ್ಡ ವಿಸ್ಮಯ ಬೇರೊಂದಿದೆ. ಇಲ್ಲಿಂದ ಸಾವಿರಾರು ಕಿಲೊಮೀಟರು ದೂರದ ಬೋರ್ನಿಯೊ ದ್ವೀಪದ ತೊರೆಗಳಲ್ಲಿಯೂ ಕಾಲೆತ್ತಿ ಸನ್ನೆ ಮಾಡುವ ಕಪ್ಪೆಗಳಿವೆ. ಅವು ನಮ್ಮ ನರ್ತಕ ಕಪ್ಪೆಗಳ ಸಮೀಪದ ನೆಂಟರಲ್ಲ, ಬೇರೆಯೇ ಕುಟುಂಬದವು. ಬ್ರೂನೈ ದೇಶದಲ್ಲಿ ನಡೆದ ಅಧ್ಯಯನವೊಂದು ಅವುಗಳ ಕೂಗಿನ ಉದ್ದೇಶವನ್ನು 2007ರಲ್ಲಿ ಸ್ಪಷ್ಟಪಡಿಸಿತು. ಕೂಗು ‘ಇತ್ತ ನೋಡು’ ಎಂದು ಗಮನ ಸೆಳೆಯುತ್ತದೆ, ಆಮೇಲೆ ಕಾಲು ತನ್ನ ಮಾತನ್ನು ಹೇಳುತ್ತದೆ. ಒಂದೇ ಬಗೆಯ ತೊಂದರೆ ಎರಡು ಬೇರೆ ಕಾಡುಗಳಲ್ಲಿ ಎರಡು ಬೇರೆ ಕುಲಗಳಿಗೆ ಒಂದೇ ಬಗೆಯ ಉಪಾಯವನ್ನು ಕಲಿಸಿದೆ. ಕಲಿಸಿದ ಮೇಷ್ಟರು ತೊರೆಯ ಮೊರೆತ.

ಇದೇ ಕತ್ತಲೆಕಾನಿನಲ್ಲಿ ರಾತ್ರಿಗೆ ಬೇರೊಬ್ಬ ನಿವಾಸಿ ಹೊರಬರುತ್ತಾನೆ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಲೋಕಕ್ಕೆ ಪರಿಚಯಿಸಿದ ಇರುಳುಗಪ್ಪೆ ಅದು. ಹೆಣ್ಣು ನೀರಿನ ಮೇಲೆ ಬಾಗಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಗಂಡು ತೊರೆಯ ತಳದಿಂದ ಮುಂಗೈಗಳಲ್ಲಿ ಕೆಸರು ಎತ್ತಿ, ಹಿಂಗಾಲುಗಳ ಮೇಲೆ ನಿಂತು ಮೊಟ್ಟೆಗಳಿಗೆ ಮೆತ್ತುತ್ತದೆ. ಮಡಕೆ ತಟ್ಟುವ ಈ ಕಪ್ಪೆಗೆ ವಿಜ್ಞಾನಿಗಳು ಇಟ್ಟ ಹೆಸರು ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಲ್ಯಾಟಿನ್ ಪಟ್ಟಿಯಲ್ಲಿ ಕನ್ನಡದ ಒಂದು ಪದ ಹೀಗೆ ಸೇರಿತು.

ಕದ್ದು ಕೇಳುವ ಕಿವಿಗಳು

ಸಂಕೇತ ಕೊಡುವವನಿಗೆ ಇನ್ನೊಂದು ಅಪಾಯವೂ ಉಂಟು. ಕರೆದ ದನಿ ಕರೆಸಿಕೊಳ್ಳಬೇಕಾದವರಿಗೆ ಮಾತ್ರ ಕೇಳುವುದಿಲ್ಲ. ಮಧ್ಯ ಅಮೆರಿಕದ ಪನಾಮಾದಲ್ಲಿ ಟುಂಗಾರ ಎಂಬ ಸಣ್ಣ ಕಪ್ಪೆಯಿದೆ. ಗಂಡು ಒಂದು ನೀಳ ಕುಯ್‌ಗುಟ್ಟುವಿಕೆಯ ಕೊನೆಗೆ ‘ಚಕ್, ಚಕ್’ ಎಂದು ಸೇರಿಸಿದರೆ ಹೆಣ್ಣಿಗೆ ಮೆಚ್ಚುಗೆ ಹೆಚ್ಚು. ಆದರೆ ಕಪ್ಪೆಯನ್ನೇ ತಿನ್ನುವ ಒಂದು ಬಾವಲಿಗೂ ಅದೇ ‘ಚಕ್’ ಮೆಚ್ಚು! ಮೈಕೆಲ್ ರಯಾನ್ ಮತ್ತು ಮರ್ಲಿನ್ ಟಟ್ಲ್ 1980ರ ದಶಕದ ಆರಂಭದಲ್ಲಿ ಇದನ್ನು ಕಂಡುಹಿಡಿದರು. ಒಂಟಿಯಾಗಿರುವ ಗಂಡು ‘ಚಕ್’ ಸೇರಿಸುವುದರಲ್ಲಿ ಜಿಪುಣ. ಸುತ್ತ ಸ್ಪರ್ಧಿಗಳಿದ್ದಾಗ ಮಾತ್ರ ಧಾರಾಳ.

ಬಾವಲಿಯ ನೆರಳು ಕಂಡರೆ ಟುಂಗಾರ ಥಟ್ಟನೆ ಬಾಯಿ ಕಟ್ಟುತ್ತದೆ. ಆದರೂ ಅಪಾಯ ತಪ್ಪಿದ್ದಲ್ಲ. ಕೂಗುವಾಗ ಉಬ್ಬಿದ ಚೀಲದಿಂದ ನೀರಿನ ಮೇಲೆ ಎದ್ದ ಸಣ್ಣ ಅಲೆಗಳು ಕೆಲವು ಕ್ಷಣ ಉಂಗುರ ಉಂಗುರವಾಗಿ ಹರಡುತ್ತಲೇ ಇರುತ್ತವೆ. ಬಾವಲಿ ತನ್ನ ಶ್ರವಣಾತೀತ ಧ್ವನಿಯ ಮಾರ್ದನಿಯಿಂದ ಆ ಅಲೆಗಳನ್ನೂ ಗುರುತಿಸಬಲ್ಲದೆಂದು 2014ರ ಪ್ರಯೋಗಗಳು ತೋರಿಸಿದವು. ಆಡಿದ ಮಾತು ನಿಂತರೂ ಅದರ ಅಲೆ ನಿಲ್ಲುವುದಿಲ್ಲ ಎಂಬುದು ಕಪ್ಪೆಗೂ ಅನ್ವಯಿಸುತ್ತದೆ.

ಹೀಗೆ ಕಪ್ಪೆಯ ಪ್ರತಿಯೊಂದು ಕೂಗು, ಪ್ರತಿಯೊಂದು ಸನ್ನೆ ಅದು ಬಾಳುವ ಜಾಗದೊಂದಿಗೆ ಮಾಡಿಕೊಂಡ ಒಪ್ಪಂದ. ನೀರಿನ ಸದ್ದೆಷ್ಟು, ಬೆಳಕೆಷ್ಟು, ಶತ್ರು ಯಾರು, ನೆರೆಯವ ಎಷ್ಟು ದೂರ ಎಂಬ ಎಲ್ಲ ಷರತ್ತುಗಳೂ ಅದರಲ್ಲಿ ಅಡಕವಾಗಿವೆ. ಷರತ್ತು ಬದಲಾದರೆ ಒಪ್ಪಂದದ ಗತಿಯೇನು?

ಜಾಗ ಬದಲಾದಾಗ

ಕೆಲವು ಕಪ್ಪೆಗಳು ಸ್ವಲ್ಪ ಮಟ್ಟಿಗೆ ಹೊಂದಿಕೊಳ್ಳುತ್ತವೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ವಾಹನಗಳ ಗದ್ದಲ ಹೆಚ್ಚಿರುವ ಕಡೆ ಒಂದು ಜಾತಿಯ ಮರಗಪ್ಪೆ ತುಸು ಏರಿದ ಸ್ವರದಲ್ಲಿ ಕೂಗುತ್ತದೆಂದು 2009ರಲ್ಲಿ ಕರ್ಸ್ಟನ್ ಪ್ಯಾರಿಸ್ ಮತ್ತು ಸಂಗಡಿಗರು ವರದಿ ಮಾಡಿದರು. ಲಾರಿಯ ಗುಡುಗು ತಗ್ಗು ಸ್ವರದ್ದು, ಅದನ್ನು ದಾಟಲು ಈ ಯತ್ನ. ಆದರೆ ಅನೇಕ ಕಪ್ಪೆಗಳಲ್ಲಿ ಹೆಣ್ಣು ಮೆಚ್ಚುವುದು ದಪ್ಪ ದನಿಯನ್ನು. ದಪ್ಪ ದನಿ ದೊಡ್ಡ ದೇಹದ ಗುರುತು. ಕೇಳಿಸಬೇಕೆಂದು ಸ್ವರ ಏರಿಸಿದರೆ ಮೆಚ್ಚಿಗೆ ತಗ್ಗೀತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಇಕ್ಕಟ್ಟು.

ಪೋರ್ಟೊ ರಿಕೊದ ಕೊಕಿಗೆ ಬಂದಿರುವುದು ಬೇರೆ ಕಷ್ಟ. ಅಲ್ಲಿಯ ಬೆಟ್ಟದ ತಪ್ಪಲಿನಲ್ಲಿ ಕೊಕಿಗಳು ಗಾತ್ರದಲ್ಲಿ ಚಿಕ್ಕವು, ಕೂಗು ಏರು ಸ್ವರದ್ದು ಮತ್ತು ಗಿಡ್ಡದ್ದು. ಮೇಲೇರಿದಂತೆ ತಂಪು ಹೆಚ್ಚಿ ಕಪ್ಪೆಗಳು ದೊಡ್ಡದಾಗುತ್ತವೆ, ಕೂಗು ತಗ್ಗಿ ನೀಳವಾಗುತ್ತದೆ. ನಾರಿನ್ಸ್ 23 ವರ್ಷಗಳ ಅಂತರದಲ್ಲಿ ಅದೇ ಬೆಟ್ಟದ ದಾರಿಯಲ್ಲಿ ಎರಡು ಬಾರಿ ಧ್ವನಿಮುದ್ರಣ ಮಾಡಿ ಹೋಲಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಯಾವ ಎತ್ತರದಲ್ಲಿ ನಿಂತು ಕೇಳಿದರೂ ಕೂಗು ಮೊದಲಿಗಿಂತ ಏರಿದೆ, ಗಿಡ್ಡವಾಗಿದೆ. ಕೆಳಗಿನ ಬೆಚ್ಚನೆಯ ಹವೆ ಮೇಲೆ ಹತ್ತಿದೆ, ಅದರ ಬೆನ್ನಿಗೆ ಕೆಳಗಿನ ಬಗೆಯ ಕೂಗೂ ಹತ್ತಿದೆ. ಉಷ್ಣಮಾಪಕ ಹೇಳುವುದನ್ನು ಕಪ್ಪೆ ತನ್ನ ಗಂಟಲಿನಲ್ಲಿ ಹೇಳುತ್ತಿದೆ. ಬೆಟ್ಟದ ತುದಿ ಮುಟ್ಟಿದ ಮೇಲೆ ಹತ್ತಲು ಜಾಗವಿಲ್ಲ.

ನರ್ತಕ ಕಪ್ಪೆಗಳ ಸಂಕಷ್ಟ ಇನ್ನೂ ನೇರವಾದುದು. ಇವು ಮಳೆಗಾಲದ ಭೋರ್ಗರೆತ ಇಳಿದ ಮೇಲೆ, ತೊರೆ ತಿಳಿಯಾಗಿ ಹರಿಯುವ ತಿಂಗಳುಗಳಲ್ಲಿ ಸಂತಾನಕ್ಕೆ ತೊಡಗುತ್ತವೆ. ಹೆಣ್ಣು ಹಿಂಗಾಲುಗಳಿಂದ ತೊರೆಯ ತಳದ ಜಲ್ಲಿಯನ್ನು ಕೆದಕಿ ಗುಳಿ ಮಾಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಒಂದು ಪ್ರಭೇದದ ಗೊದಮೊಟ್ಟೆಗಳು ಮರಳಿನೊಳಗೇ ಹುದುಗಿ ಬೆಳೆದು ಮರಿಗಪ್ಪೆಗಳಾಗುತ್ತವೆಂದು 2016ರಲ್ಲಿ ತಿಳಿದುಬಂದಿತು. ನೀರು ಇರಬೇಕು, ಹರಿಯುತ್ತಿರಬೇಕು, ಆದರೆ ಕೊಚ್ಚಿಕೊಂಡು ಹೋಗಬಾರದು. ಅಕಾಲದಲ್ಲಿ ತೊರೆ ಬತ್ತಿದರೆ ಮೊಟ್ಟೆ ಒಣಗುತ್ತದೆ. ಅಕಾಲದಲ್ಲಿ ಕುಂಭದ್ರೋಣ ಮಳೆ ಸುರಿದರೆ ಜಲ್ಲಿಯೊಂದಿಗೆ ಅದೂ ತೊಳೆದುಹೋಗುತ್ತದೆ. ಮೇಲಿನ ಮರ ಕಡಿದು ಬಿಸಿಲು ಬಿದ್ದರೆ ಕಲ್ಲು ಕಾಯುತ್ತದೆ. ಒಣಗಿದ, ಮಾತು ನಿಂತ ತೊರೆಯಲ್ಲಿ ಕಾಲೆತ್ತುವ ಬುದ್ಧಿವಂತಿಕೆಗೆ ಅರ್ಥವೇ ಉಳಿಯುವುದಿಲ್ಲ.

ರಾಂಪತ್ರೆ ಜಡ್ಡಿಗಳು ಒಂದು ಕಾಲದಲ್ಲಿ ಘಟ್ಟದುದ್ದಕ್ಕೂ ಹೆಚ್ಚಾಗಿದ್ದವು. ನೀರಿರುವ ನೆಲವೆಂದು ಭತ್ತದ ಗದ್ದೆ, ಅಡಿಕೆ ತೋಟಗಳಾಗಿ ಬದಲಾದುದರಿಂದ ಈಗ ಅಲ್ಲೊಂದು ಇಲ್ಲೊಂದು ತುಣುಕು ಉಳಿದಿದೆ. ಕತ್ತಲೆಕಾನಿನ ಸುತ್ತಲ ಕಾಡನ್ನು 2011ರಲ್ಲಿ ಸಿಂಗಳೀಕಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದಾಗ ಮರದ ಮೇಲಿನ ಕೋತಿಯ ಹೆಸರಿನಲ್ಲಿ ಮರದ ಬುಡದ ಕಪ್ಪೆಗೂ ಆಶ್ರಯ ದೊರೆಯಿತು.

ಹೆಸರಿಡುವ ಮುನ್ನ ಕಳೆದುಹೋಗದಿರಲಿ

ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರವನ್ನು ನೀರುದೋಸೆಗಾಗಿ ನೆನೆಯುವವರೇ ಹೆಚ್ಚು. ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಅದು ಇರುವುದು ಒಂದು ನರ್ತಕ ಕಪ್ಪೆಯ ಹೆಸರಿನಲ್ಲಿ: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. 1937ರಲ್ಲಿ ಅದನ್ನು ಮೊದಲು ವರ್ಣಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರು ಜತನವಾಗಿ ಕೂಡಿಟ್ಟ ಕಪ್ಪೆಗಳ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಅವರು 1920ರಲ್ಲಿ ಕೊಡಗಿನಿಂದ ವರ್ಣಿಸಿದ ಒಂದು ಇರುಳುಗಪ್ಪೆ ಮತ್ತೆ ವಿಜ್ಞಾನಿಗಳ ಕಣ್ಣಿಗೆ ಬಿದ್ದ ಸುದ್ದಿ ಹೊರಬಂದದ್ದು 2011ರಲ್ಲಿ, 91 ವರ್ಷಗಳ ಬಳಿಕ. ಅವರ ನೆನಪಿಗಾಗಿ ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಡಲಾಗಿದೆ.

ನರ್ತಕ ಕಪ್ಪೆಗಳ ವಿಚಾರದಲ್ಲಿ ದೊಡ್ಡ ಹೆಜ್ಜೆ ಬಿದ್ದದ್ದು 2014ರಲ್ಲಿ. ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಸಂಗಡಿಗರು ಒಮ್ಮೆಗೇ 14 ಹೊಸ ಪ್ರಭೇದಗಳನ್ನು ವರ್ಣಿಸಿದರು. ಒಟ್ಟು ಸಂಖ್ಯೆ 24ಕ್ಕೆ ಏರಿತು. ಆದರೆ ಹೆಸರು ಸಿಕ್ಕಿದ ಬೆನ್ನಿಗೇ ಇವುಗಳಲ್ಲಿ ಹೆಚ್ಚಿನವು ಅಳಿವಿನಂಚಿನ ಪಟ್ಟಿಯನ್ನೂ ಸೇರಿವೆ. 2023ರ ಜಾಗತಿಕ ಸಮೀಕ್ಷೆಯ ಪ್ರಕಾರ ಜಗತ್ತಿನ ಉಭಯವಾಸಿಗಳಲ್ಲಿ ಶೇಕಡಾ 41ರಷ್ಟು ಪ್ರಭೇದಗಳು ಅಪಾಯದಲ್ಲಿವೆ. ಹಕ್ಕಿಗಳಿಗಿಂತ, ಸಸ್ತನಿಗಳಿಗಿಂತ ಇವುಗಳ ಸ್ಥಿತಿ ಕೆಟ್ಟಿದೆ.

ಅಪಾಯ ದೂರದ ಕಾಡಿನಲ್ಲಿ ಮಾತ್ರ ಇಲ್ಲ. ಮಣಿಪಾಲದ ಸುತ್ತಲ ಮುರಕಲ್ಲಿನ ಬಯಲಿನಲ್ಲಿ 2016ರಲ್ಲಿ ಒಂದು ಹೊಸ ಕಪ್ಪೆ ಗುರುತಿಸಲ್ಪಟ್ಟಿತು. ಉಗುರಿನಷ್ಟು ಪುಟ್ಟದು, ಅದರ ಕೂಗನ್ನು ಕೇಳಿದವರು ಜೀರುಂಡೆಯೆಂದು ತಿಳಿಯುವಂತಿದೆ. ಎಷ್ಟೋ ಜನ ಮಳೆಗಾಲದ ರಾತ್ರಿಗಳಲ್ಲಿ ಆ ದನಿಯನ್ನು ಕೇಳಿಯೂ ಕಪ್ಪೆಯೆಂದು ಅರಿಯದೆ ಹೋಗಿರಬೇಕು. ಅದು ಬಾಳುವ ಮುರಕಲ್ಲಿನ ನೆಲ ನಮ್ಮ ದಾಖಲೆಗಳಲ್ಲಿ ಬಂಜರು. ಕಲ್ಲು ಕಡಿಯಲು, ಕಟ್ಟಡ ಏಳಿಸಲು ಯೋಗ್ಯ.

ತಕ್ಕಡಿಯಲ್ಲಿ ಕಪ್ಪೆ ತೂಗಿದಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಒಂದನ್ನು ಹಿಡಿದರೆ ಇನ್ನೊಂದು ಜಿಗಿಯುತ್ತದೆ. ಸಂರಕ್ಷಣೆಯ ತಕ್ಕಡಿಯಲ್ಲಿ ಮಾತ್ರ ಕಪ್ಪೆಯನ್ನು ಬಿಡಿಯಾಗಿ ತೂಗಲು ಬರುವುದಿಲ್ಲ. ಅದನ್ನು ಹಿಡಿದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಉಳಿಯುವುದು ಒಂದು ಪ್ರಾಣಿ ಅಷ್ಟೇ. ಅದರ ಸನ್ನೆ ಉಳಿಯಬೇಕಾದರೆ ಸನ್ನೆ ಕಲಿಸಿದ ತೊರೆ ಉಳಿಯಬೇಕು, ತೊರೆ ಉಳಿಯಬೇಕಾದರೆ ಮೇಲಿನ ಕಾನು ಉಳಿಯಬೇಕು. ಮಳೆ ಇಳಿದ ಮೇಲೆ ಘಟ್ಟದ ದಾರಿಯಲ್ಲಿ ಹೋಗುವವರು ಯಾವುದಾದರೂ ಸಣ್ಣ ಹಳ್ಳದ ಬಳಿ ಅರ್ಧ ಗಂಟೆ ಅಲುಗಾಡದೆ ಕುಳಿತು ನೋಡಬಹುದು. ಒದ್ದೆ ಕಲ್ಲಿನ ಮೇಲೆ ಪುಟ್ಟ ಕಾಲೊಂದು ಮೇಲೆದ್ದರೆ, ಅಲ್ಲಿಯ ನೀರು ಇನ್ನೂ ಸರಿಯಾಗಿ ಹರಿಯುತ್ತಿದೆ ಎಂದು ತಿಳಿಯಬೇಕು.